ಗರಿ ಕಟ್ಟಿದ ಬಾಗಿಲು

ವೆಲ್ಮಾ ಮಿಸ್ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹಿಡಿದವನು, ನಯವಾಗಿ ಬರೆಯಲು ಬಾರದು. ಆದದ್ದನ್ನು ಹೇಳುತ್ತೇನೆ.

ಮಲೆಕುಲ ದ್ವೀಪದ ನಮ್ಮೂರ ಶಾಲೆಯಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದಾರೆ. ಗರಿ ಹೊದಿಸಿದ ಒಂದೇ ಕೊಠಡಿ. ಈ ಕಡೆ ಗೋಡೆಗೆ ಐದನೇ ಕ್ಲಾಸಿನವರು, ಆ ಕಡೆ ಗೋಡೆಗೆ ಆರನೆಯವರು. ಮಳೆ ಬಂದರೆ ಮಿಸ್ ಪುಸ್ತಕಗಳನ್ನೆಲ್ಲ ದೊಡ್ಡ ಪಾತ್ರೆಗೆ ತುಂಬಿ, ಮುಚ್ಚಳ ಹಾಕಿ, ಬಾಯಿಪಾಠ ಶುರು ಮಾಡುತ್ತಾರೆ. ಗಂಡ ನ್ಯೂಜಿಲೆಂಡಿನ ತೋಟಗಳಲ್ಲಿ ಹಣ್ಣು ಕೀಳಲು ಹೋದರೆ ಏಳು ತಿಂಗಳು ಊರಲ್ಲಿಲ್ಲ. ಮನೆಯಲ್ಲಿ ಒಬ್ಬ ಮಗ, ಹಿತ್ತಲಲ್ಲಿ ಒಂದು ಹಂದಿ. ಅದರ ಕೋರೆ ಬಳೆಯಂತೆ ಸುತ್ತಲೆಂದು ಏಳು ವರ್ಷ ಬೇಯಿಸಿದ ಗೆಣಸನ್ನು ಕೈಯಾರೆ ತಿನ್ನಿಸಿ ಸಾಕಿದ್ದು, ಮಗನ ಮದುವೆಗೆ ಹೆಣ್ಣಿನ ಮನೆಯವರಿಗೆ ಕೊಡಲು.

ಸರ್ಕಾರವೂ ಹೊರದೇಶದ ನೆರವಿನವರೂ ಪಾಲುದಾರರಾಗಿ ದೇಶದ ಶಾಲೆಗಳನ್ನೆಲ್ಲ ಸುಧಾರಿಸುತ್ತಾರೆಂದು ರೇಡಿಯೋದಲ್ಲಿ ಹೇಳಿದರು. ಸುಳ್ಳಲ್ಲ, ನಮ್ಮೂರಿಗೂ ಸಿಮೆಂಟಿನ ಕೊಠಡಿ ಬಂತು. ಅದರ ಒಂದೊಂದು ಮೂಟೆಯನ್ನೂ ತಂದದ್ದು ನನ್ನ ದೋಣಿ. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಅತಿಥಿಗಳು ಬಂದು ಉದ್ಘಾಟಿಸುತ್ತಾರೆ, ಅಲ್ಲಿಯವರೆಗೆ ಗೋಡೆ ಕೊಳೆಯಾಗಬಾರದು ಎಂದು ಅಧಿಕಾರಿ ಹೇಳಿಹೋದರು. ನಮ್ಮೂರ ಮುಖ್ಯಸ್ಥ ಮಾಸಿಂಗ್ ಮಿಸ್‌ಗೆ ಸೋದರಮಾವ. ಅವರು ಹುರುಪಿನಲ್ಲಿ ಬಾಗಿಲಿಗೆ ನಮೆಲೆ ಮರದ ಗರಿ ಕಟ್ಟಿಬಿಟ್ಟರು, ಅದೂ ಅತಿಥಿಗಳ ಹೆಸರಿನಲ್ಲಿ. ನಮೆಲೆ ಕಟ್ಟಿದ ಕಡೆ ಯಾರೂ ಕೈ ಹಾಕುವಂತಿಲ್ಲ. ಯಾರ ಹೆಸರಲ್ಲಿ ಕಟ್ಟಿದೆಯೋ ಅವರೇ ಬಂದು ಬಿಚ್ಚಬೇಕು, ಇಲ್ಲವೇ ಕೋರೆ ಹಂದಿ ಕೊಟ್ಟು ಬಿಡಿಸಿಕೊಳ್ಳಬೇಕು.

ಮೇ ಹೋಯಿತು, ಜೂನ್ ಹೋಯಿತು. ಎರಡು ಸಲ ಅತಿಥಿಗಳಿಗೆಂದು ಹಬ್ಬದ ಅಡುಗೆ ಲಾಪ್‌ಲಾಪ್ ಬೇಯಿಸಿ, ಎರಡು ಸಲವೂ ನಾವೇ ತಿಂದೆವು. ಆಗಸ್ಟಿನಲ್ಲಿ ಅದೇ ಪಾಲುದಾರಿಕೆಯಿಂದ ಪತ್ರ ಬಂತು: ಸೆಪ್ಟೆಂಬರ್ ಕೊನೆಗೆ ತಪಾಸಣೆ, ಪಕ್ಕಾ ಕೊಠಡಿಯಲ್ಲಿ ತರಗತಿ ನಡೆಯದ ಶಾಲೆಗೆ ಮುಂದಿನ ವರ್ಷ ಆರನೇ ಕ್ಲಾಸು ಇಲ್ಲ.

ಅಂದರೆ ಮಕ್ಕಳು ದ್ವೀಪದ ಆ ತುದಿಯ ಹಾಸ್ಟೆಲಿಗೆ ಹೋಗಬೇಕು. ಗಂಡುಮಕ್ಕಳು ಹೋದಾರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ, ಅದು ಮಿಸ್‌ಗೂ ಗೊತ್ತು, ನನಗೂ ಗೊತ್ತು. ಐದನೇ ಕ್ಲಾಸಿನ ಸಾಲಿನಲ್ಲಿ ಏಳು ಹುಡುಗಿಯರಿದ್ದರು.

ಸಿಗ್ನಲ್ ಸಿಗುವ ಗುಡ್ಡ ಹತ್ತಿ ನಾನೇ ರಾಜಧಾನಿಗೆ ಫೋನ್ ಮಾಡಿದೆ.

"ಉದ್ಘಾಟನೆ ದಿನ ಪಾಲುದಾರರು ಕೊಡ್ಬೇಕು" ಎಂದಿತು ಇಲಾಖೆ.

"ದಿನ ಇಲಾಖೆ ಕೊಡ್ಬೇಕು" ಎಂದರು ಪಾಲುದಾರರ ಆಫೀಸಿನವರು.

"ನೀವಿಬ್ರೂ ಒಂದೇ ಬೀದೀಲಿದ್ದೀರಲ್ಲ, ಬಾಗಿಲಿಗೆ ಬಂದು ಕೂಗಿದ್ರೂ ಕೇಳ್ಸತ್ತೆ!" ಎಂದು ಅರಚಿದೆ. ಲೈನು ಕಟ್ಟಾಯಿತು.

ನೇರ ಮಾಸಿಂಗ್ ಮನೆಗೆ ಹೋದೆ. ಮಿಸ್ ಆಗಲೇ ಅಲ್ಲಿದ್ದರು.

"ಮಾವ, ಗರಿ ಬಿಚ್ಚಿ."

"ಹೆಂಗಮ್ಮ ಬಿಚ್ಲಿ? ಅವರ ಹೆಸ್ರಲ್ಲಿ ಕಟ್ಟಿದ್ದು. ನನ್ನ ಮಾತಿಗೆ ಏನು ಬೆಲೆ?"

"ಕಟ್ಟೋವಾಗ ಕೇಳಿದ್ರಾ ಯಾರನ್ನಾದ್ರೂ?" ಎಂದೆ ನಾನು.

"ನೀನು ಸುಮ್ನಿರೋ ರೋರಿ. ನಿನ್ನ ದೋಣಿ ಇಂಜಿನ್ನಿಗಿಂತ ನಿನ್ನ ಬಾಯೇ ಜೋರು."

ಮಿಸ್ ನಗಲಿಲ್ಲ. "ಹಂದಿ ತಗೊಂಡು ಬಿಚ್ತೀರಾ?"

ಮಾವ ಕೂತಲ್ಲಿಂದ ಎದ್ದರು. "ಅದು ಹುಡುಗನ ಮದುವೆದಲ್ವೇನೇ?"

"ಹೌದು. ಬಿಚ್ತೀರೋ ಇಲ್ವೋ ಹೇಳಿ."

ನನಗೆ ತಡೆಯಲಾಗಲಿಲ್ಲ. "ಸರ್ಕಾರದ ಬಾಗಿಲು ತೆಗೆಯೋಕೆ ನಿಮ್ಮ ಹಂದಿ ಯಾಕೆ ಮಿಸ್? ಅವರ ಹತ್ರ ವಿಮಾನ ಇದೆ, ಕಾರಿದೆ, ಒಂದು ಹಂದಿ ಇಲ್ವಾ?"

"ಅವರು ಕೊಡೋ ಹೊತ್ತಿಗೆ ನನ್ನ ಹುಡುಗೀರಿಗೆ ಮಕ್ಕಳಾಗಿರ್ತವೆ. ಹೋಗು, ಹಗ್ಗ ತಗೊಂಡು ಬಾ."

ಆ ಹಂದಿಯನ್ನು ಎಳೆದು ತಂದವನು ನಾನೇ. ದಾರಿಯುದ್ದಕ್ಕೂ ಇಲಾಖೆಯನ್ನು ಬೈದೆ, ಪಾಲುದಾರರನ್ನು ಬೈದೆ, ಹಂದಿಯನ್ನೂ ಬೈದೆ. ಮಾಸಿಂಗ್ ಊರೆಲ್ಲರ ಮುಂದೆ ಅದನ್ನು ಹೊಡೆದು ಕೊಂದು, ಗರಿ ಬಿಚ್ಚಿದರು. ಮಗ ಮೂರು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮದುವೆ ಮುಂದಕ್ಕೆ ಹೋಯಿತು.

ತಪಾಸಣೆಯವರು ಬಂದು ಹೊಸ ಕೊಠಡಿಯಲ್ಲಿ ಮಕ್ಕಳ ತಲೆ ಎಣಿಸಿ, ಆರನೇ ಕ್ಲಾಸು ಉಳಿಯಿತೆಂದು ಬರೆದುಕೊಂಡು ಹೋದರು. ಇಷ್ಟಕ್ಕೆ ಮುಗಿಯಿತೇ? ಮರುವಾರವೇ, ಗಂಡನಿಗೆ ಫೋನ್ ಮಾಡಲು ಮಿಸ್ ಬೆಳಿಗ್ಗೆ ನನ್ನ ಜೊತೆ ಗುಡ್ಡ ಹತ್ತಿದ್ದಾಗ, ಇಲಾಖೆಯ ಫೋನು. ಉದ್ಘಾಟನೆ ನವೆಂಬರ್‌ನಲ್ಲಂತೆ. ಮಕ್ಕಳನ್ನು ಹೊರಗೆ ಹಾಕಿ, ಗೋಡೆಗೆ ಬಣ್ಣ ಬಳಿದು, ಗರಿ ಮತ್ತೆ ಕಟ್ಟಬೇಕಂತೆ, ಫೋಟೋಗೆ ಚೆನ್ನಾಗಿರುತ್ತದಂತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಿಸ್ ಫೋನ್ ಕಿತ್ತುಕೊಂಡರು.

"ನಮಸ್ಕಾರ ಸಾರ್. ಯಾವತ್ತು ಬೇಕಾದ್ರೂ ಬನ್ನಿ. ಶಾಲೆ ಟೈಮಲ್ಲೇ ಬನ್ನಿ, ಮಕ್ಕಳು ಒಳಗೇ ಇರ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಗಣಿತ ಮುಗಿದ ಮೇಲೆ ಮಾತಾಡೋಣ."

ಫೋನ್ ನನ್ನ ಕೈಗಿಟ್ಟು, ಗುಡ್ಡ ಇಳಿದು ಕ್ಲಾಸಿಗೆ ಹೋದರು.

ನವೆಂಬರ್ ಕಳೆದು ಈಗ ಜೂನ್. ಇನ್ನೂ ಯಾರೂ ಬಂದಿಲ್ಲ.