ಹುಣಸೆ ದಿಮ್ಮಿಯಲ್ಲಿ ಕೊಯ್ಯದೆ ಉಳಿದ ಬಿಲ್ಲೆ

ಅದು 2023ರ ಆಷಾಢ. ಜೋರು ಗಾಳಿಗೆ ನಂದಿ ಬೆಟ್ಟದ ಮೇಲೆ ನೀಲಗಿರಿ ಮರಗಳು ಉರುಳಿದ್ದವು. ಅವನ್ನು ತುಂಡು ಮಾಡುವ ಕೆಲಸ ನಮ್ಮ ಸೋದರಮಾವನಿಗೆ ಸಿಕ್ಕಿತ್ತು. ಮಾವ ಗೌರಿಬಿದನೂರು ಸುತ್ತಮುತ್ತ ಮರ ಕೊಯ್ಯುವ ಕೆಲಸ ಹಿಡಿಯುತ್ತಾರೆ. ಡಿಗ್ರಿ ಮುಗಿಸಿದ ನಾನು ಅವರ ಜೊತೆಗಿದ್ದೆ.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ನಮ್ಮ ಚೈನ್‌ಸಾ ಮಿಷನ್ನಿಗೂ ಒಂದು ನೋಟ್‌ಬುಕ್ ಇಟ್ಟಿದ್ದೆ. ತಾರೀಖು, ಎಷ್ಟು ಟ್ಯಾಂಕ್ ಪೆಟ್ರೋಲ್, ಎಷ್ಟು ಸಲ ಹಗ್ಗ ಎಳೆದ ಮೇಲೆ ಸ್ಟಾರ್ಟ್ ಆಯಿತು, ಕಂಪ್ರೆಷನ್ ಎಷ್ಟು. ಕಂಪ್ರೆಷನ್ ಅಂದರೆ ಎಂಜಿನ್ನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಬಲ. ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸವೆದರೆ ಗಾಳಿ ಸೋರಿ ಆ ಬಲ ಇಳಿಯುತ್ತದೆ. ಅದನ್ನು ಅಳೆಯಲು ಒಂದು ಗೇಜ್ ತರಿಸಿಕೊಂಡಿದ್ದೆ. ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಸಿಕ್ಕಿಸಿ ಹಗ್ಗ ಎಳೆದರೆ ಮುಳ್ಳು ಎದ್ದು ನಿಲ್ಲುತ್ತದೆ. ನಮ್ಮ ಕಡೆ ಬೇರೆ ಯಾರ ಹತ್ತಿರವೂ ಅದು ಇರಲಿಲ್ಲ. ಆ ಜಂಬ ನನಗಿತ್ತು.

ಬೆಟ್ಟಕ್ಕೆ ಹೋಗುವ ಒಂದು ವಾರ ಮೊದಲು ಮಿಷನ್ನಿಗೆ ಹೊಸ ರಿಂಗ್ ಹಾಕಿಸಿದ್ದೆವು. ಹಾಕಿದವರು ಗೌರಿಬಿದನೂರಿನ ಮೆಕ್ಯಾನಿಕ್ ವೆಂಕಟರವಣಪ್ಪ. ಅವರ ಅಂಗಡಿಯ ಮುಂದೆ ಹುಣಸೆ ಮರದ ಒಂದು ದಿಮ್ಮಿ ಬಿದ್ದಿರುತ್ತಿತ್ತು. ರಿಪೇರಿಯಾದ ಪ್ರತಿ ಮಿಷನ್ನಿನಿಂದಲೂ ಆ ದಿಮ್ಮಿಯಲ್ಲಿ ಒಂದು ಬಿಲ್ಲೆ ಕೊಯ್ದು, ಅಲ್ಲಿದ್ದವರಿಗೆಲ್ಲ ತೋರಿಸಿದ ಮೇಲೆಯೇ ಅವರು ಮಿಷನ್ ಕೈಗೆ ಕೊಡುತ್ತಿದ್ದರು. ನಮ್ಮದರಲ್ಲೂ ಹಾಗೇ ಕೊಯ್ದು, ಬಿಲ್ಲೆ ನನ್ನ ಕೈಗಿಟ್ಟು, "ನೋಡ್ಕೊ ಮಂಜಪ್ಪ, ಬೆಣ್ಣೆ ಕುಯ್ದಂಗೆ ಕುಯ್ತೈತೆ" ಅಂದಿದ್ದರು. ಮನೆಗೆ ಬಂದು ಗೇಜ್ ಹಾಕಿದೆ. 145. ಬರೆದುಕೊಂಡೆ.

ಬೆಟ್ಟದ ಮೇಲೆ ಮಿಷನ್ ಮುನಿಸಿಕೊಂಡಿತು. ನಾಲ್ಕು ಎಳೆತಕ್ಕೆ ಏಳುತ್ತಿದ್ದದ್ದು ಒಂಬತ್ತಕ್ಕೆ ಎದ್ದಿತು. ಮರಕ್ಕೆ ಒತ್ತಿದರೆ ಗೊರಗೊರ ಅಂದು ಹೊಗೆ ಉಗುಳುತ್ತಿತ್ತು. ಅರ್ಧ ದಿನದಲ್ಲಿ ಮುಗಿಯಬೇಕಾದ ಕೆಲಸ ಸಂಜೆಯಾದರೂ ಮುಗಿಯಲಿಲ್ಲ. ಗೇಜ್ ಹಾಕಿದೆ. 132. ಮತ್ತೆರಡು ಸಲ ಹಾಕಿದೆ. ಅದೇ 132.

"ಮಾವ, ಹೊಸ ರಿಂಗ್ ಅಂತ ಹಳೇದು ತುರುಕಿದಾನೆ" ಅಂದೆ.

"ರವಣಪ್ಪ ಅಂಥವನಲ್ಲ ಕಣೋ. ಒಂದು ಫೋನ್ ಮಾಡಿ ಕೇಳು."

"ಫೋನಲ್ಲಿ ಬೇಡ. ಎದುರಿಗೇ ಕೇಳ್ತೀನಿ."

ಮರುದಿನ ಬೆಳಿಗ್ಗೆ ಅವರ ಅಂಗಡಿಗೆ ಹೋದೆ. ಟೀ ಕುಡಿಯುತ್ತ ಆರು ಜನ ಕೂತಿದ್ದರು. ಎಲ್ಲರೂ ಮರ ಕೊಯ್ಯುವವರೇ, ಎಲ್ಲರ ಮಿಷನ್ನೂ ಅವರ ಹತ್ತಿರವೇ ರಿಪೇರಿ. ನಾನು ನೋಟ್‌ಬುಕ್ ಬಿಚ್ಚಿ ಜೋರಾಗಿ ಓದಿದೆ. ಈ ತಾರೀಖು 145, ಈ ತಾರೀಖು 132, ಒಂದೇ ವಾರ. ಹಾಕಿರುವುದು ಹಳೇ ರಿಂಗ್ ಅಂದೆ.

"ಏಮಪ್ಪಾ ರವಣಪ್ಪ, ಹುಡುಗ ಲೆಕ್ಕ ಹಿಡ್ಕೊಂಡೇ ಬಂದವ್ನೆ" ಎಂದು ಒಬ್ಬರು ನಕ್ಕರು. ಉಳಿದವರು ನಗಲಿಲ್ಲ.

ವೆಂಕಟರವಣಪ್ಪ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಇಟ್ಟು ನೋಡ್ದೆ ಮಂಜಪ್ಪ?"

"ಎಲ್ಲಿ ಇಟ್ಟು ನೋಡಿದ್ರೇನು? ಕಂಪ್ರೆಷನ್ ಕಂಪ್ರೆಷನ್ನೇ!"

"ಆಯ್ತು, ಮಿಷನ್ ತಂದಿದೀಯಲ್ಲ. ಇಲ್ಲೇ ಒಂದ್ಸಲ ಗೇಜ್ ಹಾಕಣ ಬಾ. ದಿಮ್ಮೀಲಿ ಒಂದು ಬಿಲ್ಲೆ ಕುಯ್ಯಣ. ಇವ್ರೇ ನೋಡ್ಲಿ."

"ಮೂರು ಸಲ ನೋಡಿ ಬರೆದಿದೀನಿ. ನಿಮ್ಮ ದಿಮ್ಮಿ ಆಟ ಬೇಡ" ಅಂದೆ.

ನಾನು ಮಿಷನ್ ಎತ್ತಿಕೊಂಡು ಗೆದ್ದವನಂತೆ ಹೊರಟೆ. ಅವತ್ತಿನ ಪುಟದಲ್ಲಿ ಆ ಆರು ಜನರ ಹೆಸರನ್ನೂ ಬರೆದೆ, ಸಾಕ್ಷಿಗಿರಲಿ ಅಂತ. ಆಷಾಢ ಕಳೆಯುವುದರೊಳಗೆ ಆ ಆರೂ ಜನ ಮಿಷನ್‌ಗಳನ್ನು ಚಿಂತಾಮಣಿಯ ಮೆಕ್ಯಾನಿಕ್ ಹತ್ತಿರ ಒಯ್ಯತೊಡಗಿದರು. ನಮ್ಮದೂ ಅಲ್ಲಿಗೇ ಹೋಗಬೇಕಿತ್ತು, ಕೆಲಸದ ಗಡಿಬಿಡಿಯಲ್ಲಿ ಹಾಗೇ ಉಳಿಯಿತು.

ಶ್ರಾವಣದಲ್ಲಿ ಮಂಚೇನಹಳ್ಳಿ ಹತ್ತಿರದ ಒಂದು ತೋಪಿನಲ್ಲಿ ಕೆಲಸ ಬಂತು. ಅದೇ ಮಿಷನ್. ನಾಲ್ಕೇ ಎಳೆತಕ್ಕೆ ಎದ್ದು ಮರದೊಳಗೆ ಸರ್ರನೆ ಇಳಿಯಿತು. ಪ್ಲಗ್ ಬಿಚ್ಚಿ ಗೇಜ್ ಹಾಕಿದೆ. 145. ರಿಂಗ್ ಯಾರೂ ಮುಟ್ಟಿರಲಿಲ್ಲ.

ಮುಂದಿನ ಭಾನುವಾರ ಮಿಷನ್ನನ್ನು ಬೈಕಿಗೆ ಕಟ್ಟಿಕೊಂಡು ನಾನೊಬ್ಬನೇ ನಂದಿ ಬೆಟ್ಟಕ್ಕೆ ಹೋದೆ. ಬುಡದಲ್ಲಿ ಒಂದು ಸಲ ನೋಡಿದೆ, ಅರ್ಧ ದಾರಿಯಲ್ಲಿ ನೋಡಿದೆ, ತುದಿಯಲ್ಲಿ ನೋಡಿದೆ. ಏರಿದಷ್ಟೂ ಮುಳ್ಳು ಇಳಿಯುತ್ತ ಬಂತು. ತುದಿಯಲ್ಲಿ 132. ಮೇಲೆ ಗಾಳಿ ತೆಳು. ಪಿಸ್ಟನ್ನಿಗೆ ಒತ್ತಲು ಸಿಗುವ ಗಾಳಿಯೇ ಕಡಿಮೆ. ಕಾರ್ಬುರೇಟರ್ ಮಾತ್ರ ಊರಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಹೊಗೆಗೂ ಗೊರಗೊರ ಸದ್ದಿಗೂ ಅದೇ ಕಾರಣ. ಕಾರ್ಬುರೇಟರಿನ ಸ್ಕ್ರೂ ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು. ನೋಟ್‌ಬುಕ್ ತೆರೆದು ನೋಡಿದೆ. ತಾರೀಖಿತ್ತು, ಎಳೆತದ ಲೆಕ್ಕವಿತ್ತು, ಟ್ಯಾಂಕಿನ ಲೆಕ್ಕವಿತ್ತು. ಎಲ್ಲಿ ಅಳೆದದ್ದು ಅನ್ನುವುದಕ್ಕೆ ಒಂದು ಕಾಲಂ ಇರಲಿಲ್ಲ. ವೆಂಕಟರವಣಪ್ಪ ಕೇಳಿದ್ದೂ ಅದನ್ನೇ.

ಬೆಟ್ಟ ಇಳಿದು ನೇರ ಅಂಗಡಿಗೆ ಹೋದೆ. ಅವರು ಯಾರದೋ ಮನೆಯ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಹುಣಸೆ ದಿಮ್ಮಿಯ ಕೊಯ್ದ ಮುಖ ಮಳೆಗೆ ಕಪ್ಪಾಗಿತ್ತು. ಎಲ್ಲ ಹೇಳಿದೆ. ತಪ್ಪಾಯ್ತು ಅಂದೆ. ಅವರು ತಲೆ ಎತ್ತಲಿಲ್ಲ.

"ನಂಗೆ ಗೊತ್ತಿರೋದ್ನ ನಂಗೇ ಯಾಕೆ ಹೇಳ್ತೀಯಪ್ಪ? ಅವತ್ತು ಆರು ಜನ ಇದ್ರಲ್ಲ, ಅವ್ರಿಗೆ ಹೇಳು."

"ಒಂದು ಬಿಲ್ಲೆ ಕುಯ್ದು ತೋರಿಸ್ಲಾ?" ಅಂದೆ.

"ಯಾರ್ಗೆ ತೋರಿಸ್ತೀಯ? ಅವತ್ತೇ ಕುಯ್ಯಣ ಬಾ ಅಂದೆ."

ಆರು ಜನರನ್ನೂ ಹುಡುಕಿಕೊಂಡು ಹೋದೆ. ಅಲೀಪುರ, ಮುದ್ದೇನಹಳ್ಳಿ, ಶಿಡ್ಲಘಟ್ಟದ ರಸ್ತೆ, ಹನ್ನೊಂದು ದಿನ ಹಿಡಿಯಿತು. ಮೂವರು, "ಬೆಟ್ಟದ ಮೇಲೆ ಗಾಳಿ ಕಮ್ಮಿನಾ? ಟೋಪಿ ಹಾರಿ ಹೋಗೋ ಗಾಳಿ ಐತಲ್ಲೋ ಅಲ್ಲಿ!" ಎಂದು ನಕ್ಕರು. ಒಬ್ಬರು, "ರವಣಪ್ಪ ಬಾಯಿ ಮುಚ್ಚಿಸಿದ್ನಾ?" ಎಂದು ಕೇಳಿದರು. ಇಬ್ಬರು ನಂಬಿದರು. ನಂಬಿದ ಆ ಇಬ್ಬರೂ, "ಈಗ ಚಿಂತಾಮಣಿ ಅಭ್ಯಾಸ ಆಗೋಯ್ತಲ್ಲಪ್ಪ" ಅಂದರು. ನನ್ನ ಸುಳ್ಳನ್ನು ನಂಬಲು ಅವರಿಗೆ ಒಂದು ಲೋಟ ಟೀ ಮುಗಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲ.

ಮರುವರ್ಷ ವೆಂಕಟರವಣಪ್ಪ ಅಂಗಡಿ ಖಾಲಿ ಮಾಡಿದರು. ದಿಮ್ಮಿಯನ್ನು ಯಾರೋ ಸೌದೆಗೆ ಒಯ್ದರಂತೆ. ಈಗ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ ಮೊದಲು ಜಾಗದ ಹೆಸರು ಬರೆಯುತ್ತೇನೆ, ಆಮೇಲೆ ತಾರೀಖು. ಸಾಕ್ಷಿಗೆಂದು ಬರೆದಿದ್ದ ಆ ಆರು ಹೆಸರುಗಳ ಪುಟವನ್ನು ಹರಿದಿಲ್ಲ. ಮಿಷನ್ ಮತ್ತೆ ವೆಂಕಟರವಣಪ್ಪನವರ ಹತ್ತಿರ ತಂದವರ ಹೆಸರಿನ ಮುಂದೆ ಗುರುತು ಹಾಕಬೇಕೆಂದು ಪಕ್ಕದಲ್ಲಿ ಜಾಗ ಬಿಟ್ಟಿದ್ದೆ. ಆ ಜಾಗ ಹಾಗೇ ಖಾಲಿ ಇದೆ.