ಕಾಲಿನ ಸಕ್ಕರೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಅವ್ವ ಸಕ್ಕರೆ ಡಬ್ಬಿ ತೊಳೆದು ಬೋರಲು ಹಾಕಿದಳು. ಎಲ್ಲರಿಗೂ ಸಪ್ಪೆ ಚಹಾ, ಹಬ್ಬಕ್ಕೂ ಹೋಳಿಗೆ ಬಂದ್. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಸಿಡುಕಿದರೆ, "ನಿಮ್ಮಪ್ಪ ಬೇಕೋ, ಹೋಳಿಗಿ ಬೇಕೋ?" ಎನ್ನುತ್ತಿದ್ದಳು.

ಗಜೇಂದ್ರಗಡದಲ್ಲಿ ನಮ್ಮದು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಯುತ್ತ ನೇಯಬೇಕು. ಸೀರೆಯ ಸೆರಗಿಗೆ ಕೂತರೆ ಅಪ್ಪ ನಡುವೆ ಏಳುವವನಲ್ಲ. ಎದ್ದು ಬಂದರೆ ಕೈಯ ಹದ ತಪ್ಪಿ, ನಿಲ್ಲಿಸಿದಲ್ಲಿ ಗೆರೆ ಬೀಳುತ್ತದಂತೆ.

ಅವತ್ತೂ ಹಾಗೇ ಕೂತ. ಹಿಂದಿನ ದಿನ ಶ್ರಾವಣ ಸೋಮವಾರದ ಉಪವಾಸ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದ, ರೊಟ್ಟಿ ಆಮೇಲೆ ಅಂದಿದ್ದ. ಮಧ್ಯಾಹ್ನದ ಹೊತ್ತಿಗೆ ಬೆವರು ಕಿತ್ತುಕೊಂಡಿತು, ಕೈ ನಡುಗಿತು, ಮಾತು ತೊದಲಿ ಮಗ್ಗದ ಮೇಲೇ ಒರಗಿದ. ಪಕ್ಕದ ಮನೆಯಾಕೆ ಬೆಲ್ಲದ ನೀರು ಹಿಡಿದು ಓಡಿಬಂದಳು.

"ಸಕ್ರಿ ಏರೈತಿ ಅವರಿಗೆ! ಬೆಲ್ಲ ಕುಡಿಸಿ ಕೊಲ್ಲಾಕ ಬಂದೀರೇನ್ರಿ?"

ಅವ್ವ ಲೋಟ ಕಿತ್ತು ಚೆಲ್ಲಿದಳು. ಹಾಗಲಕಾಯಿ ರಸ ಕುಡಿಸಿದಳು. ಗಾಡಿ ಸಿಕ್ಕು ರೋಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪನಿಗೆ ಎಚ್ಚರವೇ ಇರಲಿಲ್ಲ.

ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದರು: ಸಕ್ಕರೆ ಏರಿರಲಿಲ್ಲ, ತಳ ಕಂಡಿತ್ತು. ಉಂಡದ್ದರಲ್ಲಿ ಒಂದಿಷ್ಟನ್ನು ಮೈ ಗ್ಲೈಕೊಜೆನ್ ಮಾಡಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ದುಡಿಯುವಾಗ ಕರಗಿಸಿ ಬಳಸುತ್ತದೆ. ಯಕೃತ್ತು ತನ್ನದನ್ನು ರಕ್ತಕ್ಕೆ ಬಿಟ್ಟು ಮಿದುಳನ್ನು ಸಾಕುತ್ತದೆ. ಕಾಲಿನ ಸ್ನಾಯು ತನ್ನ ಪಾಲನ್ನು ತಾನೇ ತಿನ್ನುತ್ತದೆ, ತಲೆ ಸತ್ತರೂ ಕೊಡುವುದಿಲ್ಲ. ಉಪವಾಸ, ಗುಳಿಗೆ, ಮಗ್ಗದ ತುಳಿತ ಎಲ್ಲ ಕೂಡಿ ರಕ್ತ ಬರಿದಾಗಿತ್ತು.

"ಮಿದುಳು ಭಾಳ ಹೊತ್ತು ಹಸದಿತ್ತು. ಮಾತಾಡೂವಾಗ್ಲೇ ಒಂದ್ ಲೋಟ ಬೆಲ್ಲದ ನೀರು ಕುಡಿಸಿದ್ರ ಸಾಕಿತ್ರಿ."

ಅದು ತಿನ್ನಬೇಡ, ಇದು ತಿನ್ನಬೇಡ ಎಂದು ಊರೆಲ್ಲ ಹೇಳಿತ್ತು. ಸಕ್ಕರೆ ಇಳಿದರೂ ಆಪತ್ತು ಎಂದು ಒಬ್ಬರಾದರೂ ಹೇಳಬಾರದಿತ್ತೇ? ಮೈಯೆಲ್ಲ ಉರಿಯಿತು. ಹೊರಗೆ ಬೆಂಚಿನ ಮೇಲೆ ಅವ್ವ ಕೈ ಮುಗಿದುಕೊಂಡು ಕೂತಿದ್ದಳು. ಹೋಗಿ ಅವಳ ಪಕ್ಕ ಕೂತೆ.

ಅಪ್ಪ ಬದುಕಿದ್ದಾನೆ. ಕಾಲು ಗಟ್ಟಿಯಾಗಿವೆ, ಅಂಗಳದ ತುಂಬ ತಿರುಗುತ್ತಾನೆ. ನಮ್ಮ ಗುರುತಿಲ್ಲ. ತುತ್ತು ಕೊಡುವ ಅವ್ವನನ್ನು "ಯಾರ್ರಿ ನೀವು?" ಎಂದು ಕೇಳುತ್ತಾನೆ. ಅವಳು ಸೆರಗಿನಿಂದ ಅವನ ಬಾಯಿ ಒರೆಸುತ್ತ, ನೋಡಲು ಬಂದವರಿಗೆ ಹೇಳುತ್ತಾಳೆ:

"ಅವತ್ತು ಆ ಬೆಲ್ಲದ ನೀರು ಬಾಯಿಗೆ ಹೋಗಗೊಡಲಿಲ್ಲ ನೋಡ್ರಿ ನಾ. ಅದಕ್ಕ ಜೀವಾರ ಉಳೀತು. ಹೌದಿಲ್ಲೋ?"

"ಹೌದವ್ವಾ," ಎನ್ನುತ್ತೇನೆ.