ನೀಲಿ ಹಾಕಿದ ಬಿಳಿ ಅಂಗಿ

ಬೇಸಿಗೆ ರಜೆಯಲ್ಲಿ ಟಿ.ಬಿ. ಡ್ಯಾಂ ಹತ್ತಿರದ ಶಾಲೆಯೊಂದರಲ್ಲಿ ಜಾಣ ಮಕ್ಕಳಿಗೆ ಅಪರಾಧ ಪತ್ತೆಯ ಶಿಬಿರ, ನೀವೇ ನಡೆಸಿಕೊಡಬೇಕು ಎಂದಾಗ ನನಗೆ ಸಿಟ್ಟೇ ಬಂದಿತ್ತು. ವಿಜ್ಞಾನದ ಟೀಚರ್ ಎಂದರೆ ಯಾವಾಗ ಕರೆದರೂ ಬರುವವಳು ಅಂತ ಎಲ್ಲರ ಲೆಕ್ಕ. ಹೊಸಪೇಟೆಯ ಆ ಬಿಸಿಲಿನಲ್ಲಿ ಬೈದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಹೋದ ಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಕಂಪ್ಲಿ, ಸಂಡೂರು ಕಡೆಯಿಂದ ಆರಿಸಿ ಕಳಿಸಿದ್ದ ಹೈಸ್ಕೂಲು ಮಕ್ಕಳು. ಒಂದು ಹೇಳಿದರೆ ಹತ್ತು ಕೇಳುತ್ತಿದ್ದವು.

ಮೊದಲ ದಿನ ನಾನೊಂದು ಸಮಸ್ಯೆ ಕಟ್ಟಿದ್ದೆ. ಬೆದರುಬೊಂಬೆಗೆ ಹಳೆಯ ಅಂಗಿ ತೊಡಿಸಿ, ಇವನಿಗೆ ಯಾವುದೋ ಗಾಡಿ ಗುದ್ದಿ ಓಡಿಹೋಗಿದೆ ಅಂದೆ. ಅಂಗಿಯ ಮೇಲೆ ಬಣ್ಣದ ಸಣ್ಣ ಚೂರೊಂದನ್ನು ಅಂಟಿಸಿದ್ದೆ. ಅಂಗಳದಲ್ಲಿ ನಿಂತಿದ್ದ ಸ್ಕೂಟರುಗಳ ಬಣ್ಣದ ಜೊತೆ ಅದನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಯಾವ ಗಾಡಿ ಅಂತ ಹೇಳಬೇಕು. ಎಲ್ಲರಿಗಿಂತ ಮುಂಚೆ ಹೇಳಿದವಳು ಸಂಡೂರು ಹತ್ತಿರದ ವಡ್ಡು ಎಂಬ ಊರಿನ ಹುಡುಗಿ. "ಟೀಚರ್, ಈ ಚೂರಿನ್ಯಾಗ ಎರಡು ಬಣ್ಣ ಅದಾವ್ರಿ. ಇದು ಮತ್ತೊಂದು ಸಲ ಬಣ್ಣ ಹೊಡಿಸಿದ ಗಾಡಿ" ಅಂದು ಸೀದಾ ಹೆಡ್‌ಮಾಸ್ತರರ ಹಳೇ ಸ್ಕೂಟರಿಗೆ ಬೆರಳು ತೋರಿಸಿದಳು. ಹೆಡ್‌ಮಾಸ್ತರರೂ ನಕ್ಕರು. ನಾನು ಇನ್ನಷ್ಟು ಹುರುಪಿನಿಂದ ಪಾಠ ಮುಂದುವರಿಸಿದೆ. ಸಾಕ್ಷಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬಾರದು, ಬೆವೆತು ಕೆಡುತ್ತದೆ, ಕಾಗದದ ಕವರಿನಲ್ಲೇ ಇಡಬೇಕು ಅಂದೆ. ಬಟ್ಟೆಯನ್ನಂತೂ ನೀರಿಗೆ ತೋರಿಸಬಾರದು. "ತೊಳದವ್ರು ಕಳ್ಳನ ಕಡೆಯವ್ರು ಅಂತ ತಿಳ್ಕೊಳ್ರಿ" ಅಂದೆ. ಮಕ್ಕಳು ಗೊಳ್ಳೆಂದು ನಕ್ಕವು.

ಮರುದಿನ ಊಟಕ್ಕೆ ಬಿಟ್ಟಾಗ ಆ ಹುಡುಗಿ ಒಬ್ಬಳೇ ಒಳಗೆ ಬಂದಳು. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ.

"ಇದನ್ನೊಂಚೂರು ನೋಡ್ತೀರೇನ್ರಿ ಟೀಚರ್? ನಮ್ಮಪ್ಪನ ಅಂಗಿ ಐತ್ರಿ."

ಬಿಳಿ ಅಂಗಿ. ಎಡಗಡೆ ಪಕ್ಕೆಯಿಂದ ತೋಳಿನವರೆಗೆ ಹರಿದಿತ್ತು. ಅವಳ ಶಾಲೆಯ ಪಾಲಕರ ಸಭೆಗೆಂದು ಅಪ್ಪ ಆ ಅಂಗಿ ತೊಟ್ಟು ಸೈಕಲ್ಲಿನಲ್ಲಿ ಸಂಡೂರಿಗೆ ಹೊರಟಿದ್ದನಂತೆ. ದಾರಿಯಲ್ಲಿ ಲಾರಿ ಹೊಡೆದು ನಿಲ್ಲದೆ ಹೋಯಿತು.

"ನೀಲಿ ಲಾರಿ ಅಂತ ಚಾದಂಗಡಿಯವ್ರು ಹೇಳಿದ್ರು. ನಮ್ಮ ಕಡೆ ನೀಲಿ ಲಾರಿ ಭಾಳ ಅದಾವ್ರಿ. ಯಾವುದಂತ ಹುಡುಕೋದು ಅಂತ ಪೊಲೀಸ್ರು ಕೈ ಬಿಟ್ರು. ಈ ಶಿಬಿರ ಐತಿ ಅಂದಕೂಡ್ಲೆ ನಾ ಇದಕ್ಕಂತನ ಬಂದೀನ್ರಿ."

ಚೀಲ ಬಿಚ್ಚಿದ ಕೂಡಲೇ ಸೋಪಿನ ವಾಸನೆ ಬಂದಿತ್ತು. ಆದರೂ ಕೇಳಿದೆ, "ತೊಳದಿಯೇನವ್ವ?"

ಆಸ್ಪತ್ರೆಯವರು ಬಟ್ಟೆಯನ್ನು ಗಂಟು ಕಟ್ಟಿ ಮನೆಯವರ ಕೈಗೇ ಕೊಟ್ಟಿದ್ದರು. ಸತ್ತವರ ಮೈಮೇಲಿನ ಬಟ್ಟೆ ಹಾಗೇ ಹೊಸ್ತಿಲು ದಾಟುವಂತಿಲ್ಲ. ಹಳ್ಳಕ್ಕೆ ಬಿಟ್ಟು ಬಾ ಎಂದು ಅಜ್ಜಿ ಹೇಳಿದಳಂತೆ. ಇವಳಿಗೆ ಬಿಡಲು ಮನಸ್ಸು ಬರಲಿಲ್ಲ. ಹಟ ಹಿಡಿದಳು. "ಹಂಗಾರ ತೊಳದು ಒಳಗ ತಾ" ಅಂದಳು ಅಜ್ಜಿ. ರಕ್ತದ ಕಲೆಗೆ ಉಪ್ಪು ಹಚ್ಚಿ, ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಇವಳೇ ತೊಳೆದಳು.

ಆಗುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಬದಲಿಗೆ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. ಹರಿದ ಅಂಚು, ಹೊಲಿಗೆ, ಜೇಬಿನ ಮೂಲೆ ಎಲ್ಲವನ್ನೂ ಮಸೂರದಡಿ ನೋಡುತ್ತ ಹೋದೆ. ಅದಿರಿನ ಕೆಂಪು ಧೂಳು ಇತ್ತು. ಅದು ಆ ಕಡೆಯ ಯಾರ ಬಟ್ಟೆಯಲ್ಲಿಲ್ಲ? ನನ್ನ ಸೀರೆಯಲ್ಲೂ ಸಿಗುತ್ತದೆ. ಕೊನೆಗೆ ತೋಳಿನ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ನೀಲಿ ಕಣ ಕಂಡಿತು. ಅವಳೂ ಬಗ್ಗಿ ನೋಡಿದಳು.

"ಸಿಕ್ತೇನ್ರಿ?"

ಕುಂಚದ ತುದಿಯನ್ನು ನೀರಿಗೆ ಅದ್ದಿ ಮುಟ್ಟಿದೆ. ಲಾರಿಯ ಬಣ್ಣವಾಗಿದ್ದರೆ ನೀರಿಗೆ ಜಗ್ಗುತ್ತಿರಲಿಲ್ಲ. ಅದು ಕರಗಿತು. ಸುತ್ತಲಿನ ಬಿಳಿಗೆ ನೀಲಿಯಾಗಿ ಹರಡಿಕೊಂಡಿತು.

"ಬಟ್ಟಿಗೆ ನೀಲಿ ಹಾಕಿದ್ದೇನವ್ವ?"

"ಹೂಂ ರೀ. ಅಪ್ಪಗ ಬಿಳೆ ಅಂಗಿ ಬೆಳ್ಳಗ ಇರಬೇಕಿತ್ತು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಬಾಗಿಲು ಹಾಕುವುದನ್ನೇ ನಾನು ಎರಡು ದಿನದಿಂದ ಚಪ್ಪಾಳೆ ಹೊಡೆಸಿಕೊಂಡು ಕಲಿಸುತ್ತಿದ್ದೆ. ನನ್ನ ವಿದ್ಯೆಗಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು.

ಅವಳು ಅಳಲಿಲ್ಲ. ಅಂಗಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ತೊಳದವ್ರು ಕಳ್ಳನ ಕಡೆಯವ್ರು ಅಂದ್ರೆಲ್ರಿ ನಿನ್ನೆ. ನಾ ಲಾರಿ ಕಡ್ಯಾಕಿ ಆದ್ನೇನ್ರಿ?"

"ಇಲ್ಲವ್ವ. ಹಂಗ ಅನಬ್ಯಾಡ."

"ಹಂಗಾರ ಲಾರಿ ಯಾವುದ್ರಿ ಟೀಚರ್?"

ಬೊಂಬೆಗೆ ಗುದ್ದಿದ ಗಾಡಿ ಯಾವುದೆಂದು ನನಗೆ ಮೊದಲೇ ಗೊತ್ತಿತ್ತು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಮುಂದೆ ಯಾರ ಹತ್ತಿರವೂ ಇರುವುದಿಲ್ಲ ಎಂಬುದೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದೆ. ಅವಳು ತಲೆಯಾಡಿಸಿ ಅಂಗಿಯನ್ನು ಮೊದಲಿನ ಮಡಿಕೆಯ ಮೇಲೇ ಮಡಚಿದಳು. ಪ್ಲಾಸ್ಟಿಕ್ ಚೀಲಕ್ಕೆ ಹಾಕಲು ಹೋದವಳು ನಿಂತಳು.

"ಟೀಚರ್, ಒಂದು ಕಾಗದದ ಕವರ್ ಇದ್ರ ಕೊಡ್ರಿ. ಪ್ಲಾಸ್ಟಿಕ್ಕಿನ್ಯಾಗ ಇಟ್ರ ಕೆಡತೈತಿ ಅಂದಿದ್ರಿ."

ಸಾಕ್ಷಿ ಇಡುವ ದೊಡ್ಡ ಕವರೊಂದನ್ನು ಹುಡುಕಿ ಕೊಟ್ಟೆ. ನಾನು ಕಲಿಸಿದ ಹಾಗೆಯೇ ಬಾಯಿ ಮಡಚಿ, ಅಂಟಿಸಿಕೊಂಡು ಹೋದಳು.